ಹೀರೋಯಿನಮ್ಮ ಹೇಳದ ಮಾತು

ಸಿನಿಮಾ ನೋಡಿ ಅಳುವವರನ್ನು ಕಂಡರೆ ನನಗೆ ಈಚೆಗೆ ಮೈ ಉರಿಯುತ್ತದೆ. ಅಳುವುದೇ ತಪ್ಪು ಎಂದು ಹೇಳುತ್ತಿಲ್ಲ. ತೆರೆಯ ಮೇಲೆ ಸತ್ತ ಹುಡುಗಿಗಾಗಿ ಕರವಸ್ತ್ರ ಒದ್ದೆ ಮಾಡಿಕೊಂಡು, ಮನೆಗೆ ಹೋದ ಮೇಲೆ ಬದುಕಿರುವ ಮಗಳ ಹೆಸರೆತ್ತಿದರೆ ತಟ್ಟೆ ತಳ್ಳಿ ಏಳುವವರಿದ್ದಾರಲ್ಲ, ಅವರ ಮಾತು ಹೇಳುತ್ತಿದ್ದೇನೆ. ಅಂಥವರಲ್ಲಿ ನಮ್ಮ ಹೀರೋಯಿನಮ್ಮನ ಗಂಡನೂ ಒಬ್ಬ.

ಹೀರೋಯಿನಮ್ಮ ಎಂದರೆ ಯಾವ ತಾರೆಯೂ ಅಲ್ಲ. ಐವತ್ತನಾಲ್ಕು ವಯಸ್ಸು, ದಪ್ಪ ಗಾಜಿನ ಕನ್ನಡಕ, ಹೆಗಲಿಗೊಂದು ಬಟ್ಟೆ ಚೀಲ, ಚೀಲದೊಳಗೆ ಬಿಸಿನೀರಿನ ಫ್ಲಾಸ್ಕು. ಬೇರೆ ಭಾಷೆಯ ಸಿನಿಮಾಗಳು ನಮ್ಮ ಭಾಷೆಗೆ ಬರುವಾಗ ನಾಯಕಿಗೆ ಧ್ವನಿ ಕೊಡುವುದು ಅವಳ ಕೆಲಸ. ಇಪ್ಪತ್ತಾರು ವರ್ಷಗಳಿಂದ ಅವಳ ಗಂಟಲಿಗೆ ಹದಿನೆಂಟೇ ವಯಸ್ಸು. ಒಮ್ಮೆ ಸ್ಟುಡಿಯೋಕ್ಕೆ ಬಂದ ಹೊಸ ಮ್ಯಾನೇಜರೊಬ್ಬ ಅವಳನ್ನು ಯಾರೋ ಕೆಲಸದವಳೆಂದುಕೊಂಡು ಚಹಾ ತರಲು ಹೇಳಿದ್ದ. ಅವಳು ತುಟಿ ಪಿಟಕ್ಕೆನ್ನದೆ ಹೋಗಿ ತಂದುಕೊಟ್ಟಳು. ಆಮೇಲೆ ಮೈಕಿನ ಮುಂದೆ ನಿಂತು, ಮೊದಲ ಸಲ ಪ್ರೀತಿಸಿದ ಹುಡುಗಿಯ ಧ್ವನಿಯಲ್ಲಿ ಮಾತಾಡಿದಳು. ಆ ಮನುಷ್ಯ ಲೋಟ ಹಿಡಿದುಕೊಂಡೇ ಎದ್ದು ನಿಂತುಬಿಟ್ಟ. ಅಂದಿನಿಂದ ನಾವೆಲ್ಲ ಅವಳನ್ನು ಹೀರೋಯಿನಮ್ಮ ಎಂದು ಚುಡಾಯಿಸುತ್ತಿದ್ದೆವು. ನನ್ನ ಬಾಯಲ್ಲಿ ಮಾತ್ರ ಅವಳು ಅಕ್ಕ.

ನನ್ನ ಕೆಲಸ ಬಾಯಿಗೆ ಮಾತು ಹೊಂದಿಸುವುದು. ತೆರೆಯ ಮೇಲೆ ನಟಿ ತುಟಿ ಮುಚ್ಚಿದಾಗ ನಮ್ಮ ಮಾತಿನಲ್ಲೂ ತುಟಿ ಮುಚ್ಚುವ ಅಕ್ಷರ ಬೀಳಬೇಕು. ಅವಳು ಬಾಯಿ ತೆರೆದಾಗ ನಮ್ಮದೂ ತೆರೆಯಬೇಕು. ಇಲ್ಲದಿದ್ದರೆ ಎಂಥ ದುಃಖದ ದೃಶ್ಯದಲ್ಲೂ ಜನ ನಗುತ್ತಾರೆ. ಹತ್ತೊಂಬತ್ತು ವರ್ಷ ಇದನ್ನೇ ಮಾಡಿಕೊಂಡು ಬಂದಿದ್ದೇನೆ. ಎದುರಿಗೆ ಯಾರಾದರೂ ಮಾತಾಡಿದರೆ ಅವರ ಕಣ್ಣು ನೋಡುವುದೇ ನನಗೆ ಮರೆತುಹೋಗಿದೆ.

ನಮ್ಮ ಸ್ಟುಡಿಯೋ ಒಂದು ಹಳೆಯ ಕಟ್ಟಡದ ಎರಡನೇ ಮಹಡಿ. ಗೋಡೆಗೆಲ್ಲ ದಪ್ಪ ಹೊದಿಕೆ. ಮೈಕಿನ ಕೋಣೆಗೂ ಯಂತ್ರದ ಕೋಣೆಗೂ ನಡುವೆ ಒಂದು ಗಾಜು. ಸದ್ದಾಗುತ್ತದೆಂದು ಮಾತು ಹಿಡಿಯುವಾಗ ಫ್ಯಾನನ್ನೂ ಆರಿಸುತ್ತಾರೆ. ಚಪ್ಪಲಿ ಹೊರಗೆ. ಅಕ್ಕ ಬಳೆಗಳನ್ನು ಒಂದೊಂದಾಗಿ ತೆಗೆದು ಕರವಸ್ತ್ರದಲ್ಲಿ ಸುತ್ತಿಟ್ಟು, ಬೆವರು ಒರೆಸಿಕೊಂಡು, ಮೈಕಿನ ಮುಂದೆ ನಿಲ್ಲುತ್ತಿದ್ದಳು. ಗಾಜಿನ ಆಚೆ ಸೌಂಡ್ ಎಂಜಿನಿಯರ್. ಮಾತಿನ ತುಂಡುಗಳನ್ನು ಕತ್ತರಿಸಿ ಜೋಡಿಸುವುದರಲ್ಲಿ ಪಳಗಿದ ಕೈ. ಅದಕ್ಕೇ ಅವನಿಗೆ ಕತ್ತರಿ ಎಂದು ಹೆಸರು.

ಅಲ್ಲಿ ಅಷ್ಟು ಮಾತಾಡುತ್ತಿದ್ದ ಅಕ್ಕನಿಗೆ ಮನೆಯಲ್ಲಿ ಬಾಯಿ ಇರಲಿಲ್ಲ. ಗಂಡ ಸಾರಿಗೆ ಕಚೇರಿಯಲ್ಲಿ ಮೇಲ್ವಿಚಾರಕನಾಗಿ ನಿವೃತ್ತನಾದವನು. ಕಚೇರಿ ಬಿಟ್ಟರೂ ಮೇಲ್ವಿಚಾರಣೆ ಬಿಟ್ಟಿರಲಿಲ್ಲ. ಐದು ವರ್ಷದ ಹಿಂದೆ ಅವರ ಒಬ್ಬಳೇ ಮಗಳು, ಪುಟ್ಟಿ, ಫ್ರಿಜ್ ರಿಪೇರಿ ಮಾಡುವ ಹುಡುಗನೊಬ್ಬನನ್ನು ಮದುವೆಯಾಗುತ್ತೇನೆ ಎಂದಳು. ಹುಡುಗ ನಮ್ಮವನಲ್ಲ ಎಂದು ಅಪ್ಪ ಕುಣಿದಾಡಿದ. ಅವಳು ಪೆಟ್ಟಿಗೆ ಹಿಡಿದು ಹೊರಟ ದಿನ ಅವನು ಬಾಗಿಲು ಹಾಕಿ, ಇನ್ನು ಈ ಮನೆಯಲ್ಲಿ ಅವಳ ಹೆಸರು ಯಾರೂ ಎತ್ತಕೂಡದು ಎಂದ. ಅಕ್ಕ ಅಡುಗೆಮನೆಯಲ್ಲಿ ನಿಂತಿದ್ದಳು. ಒಂದು ಮಾತಾಡಲಿಲ್ಲ. ಆಮೇಲೆ ಅವಳ ಫೋನನ್ನು ಗಂಡ ದಿನಾ ಸಂಜೆ ತೆಗೆದು ಯಾರ್ಯಾರಿಗೆ ಮಾಡಿದ್ದಾಳೆಂದು ನೋಡತೊಡಗಿದ. ಇದನ್ನು ನನಗೆ ಹೇಳುವಾಗ ಅಕ್ಕ ನಕ್ಕಳು. ನನಗೆ ನಗು ಬರಲಿಲ್ಲ. ಆ ಮನುಷ್ಯನ ಕೊರಳಪಟ್ಟಿ ಹಿಡಿದು ಕೇಳಬೇಕೆನ್ನಿಸಿತು. ನಾನೂ ಕೇಳಲಿಲ್ಲ.

ಅಕ್ಕ ಒಂದು ದಾರಿ ಹುಡುಕಿಕೊಂಡಳು. ಪ್ರತಿ ಸಿನಿಮಾದಲ್ಲೂ ಗದ್ದಲದ ದೃಶ್ಯವೊಂದು ಇದ್ದೇ ಇರುತ್ತದೆ. ಮಾರುಕಟ್ಟೆ, ರೈಲು ನಿಲ್ದಾಣ, ಮದುವೆ ಮನೆ. ಹಿಂದೆ ಜನ ಗಿಜಿಗುಟ್ಟುವ ಸದ್ದಿಗೆ ನಾಲ್ಕಾರು ಮಂದಿ ಮೈಕಿನ ಮುಂದೆ ನಿಂತು ಬಾಯಿಗೆ ಬಂದದ್ದು ಮಾತಾಡುತ್ತಾರೆ. ಅದನ್ನು ಯಾರೂ ಬರೆದುಕೊಡುವುದಿಲ್ಲ, ಯಾರೂ ಕೇಳಿಸಿಕೊಳ್ಳುವುದೂ ಇಲ್ಲ. ಆ ಗದ್ದಲದ ನಡುವೆ ಅಕ್ಕ ತನ್ನ ಸ್ವಂತ ಧ್ವನಿಯಲ್ಲಿ, ಪುಟ್ಟಿ ಊಟ ಮಾಡಿದ್ಯಾ, ಎಂದು ಸೇರಿಸಿಬಿಟ್ಟಳು.

ಆ ಸಿನಿಮಾ ಬಂದ ವಾರ ನನಗೊಂದು ಫೋನು ಬಂತು. ಎರಡು ಗಂಟೆ ದಾರಿಯ ಇನ್ನೊಂದು ಊರಿನಲ್ಲಿ, ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದ ಪುಟ್ಟಿ.

"ಮಾವ, ಅಮ್ಮ ಕೇಳಿದ್ದು ಕೇಳಿಸ್ತು. ಊಟ ಆಯ್ತು ಅಂತ ಹೇಳಿ."

ಹೇಳಿದೆ. ಅಕ್ಕ ಮೈಕಿನ ಕೋಣೆಯ ಮೂಲೆಗೆ ತಿರುಗಿ ನಿಂತು ಸೆರಗಿನಿಂದ ಕಣ್ಣೊತ್ತಿಕೊಂಡಳು. ಅಂದಿನಿಂದ ಇದು ನಡೆದುಬಂತು. ನಾಲ್ಕು ವರ್ಷದಲ್ಲಿ ಇಪ್ಪತ್ತೊಂದು ಸಿನಿಮಾ. ಪುಟ್ಟಿ ಪ್ರತಿಯೊಂದನ್ನೂ ಮೊದಲ ದಿನದ ಮೊದಲ ಆಟಕ್ಕೇ ನೋಡುತ್ತಿದ್ದಳು. ಜ್ವರ ಬಿಡ್ತಾ, ಹೊಸ ಮನೆ ಹೇಗಿದೆ, ಕೂದಲು ಕತ್ತರಿಸ್ಬೇಡ. ನನ್ನ ಫೋನಿನಲ್ಲೇ ಮಾತಾಡು ಎಂದರೆ, ಅವರಿಗೆ ಗೊತ್ತಾದರೆ ಎಂದು ಅಕ್ಕ ಅದನ್ನು ಮುಟ್ಟುತ್ತಿರಲಿಲ್ಲ. ಗುಟ್ಟು ಗೊತ್ತಿದ್ದದ್ದು ನನಗೆ, ಮತ್ತೆ ಕತ್ತರಿಗೆ. ಅವನು ಆ ಸಾಲನ್ನು ಮಾತ್ರ ಕೂದಲೆಳೆಯಷ್ಟು ಎತ್ತರಿಸಿ ಇಡುತ್ತಿದ್ದ. ಅದಕ್ಕಾಗಿ ಆಗ ಅವನ ಮೇಲೆ ನನಗೆ ತುಂಬ ಪ್ರೀತಿ ಇತ್ತು.

ಕಳೆದ ವರ್ಷ ಒಂದು ದೊಡ್ಡ ಸಿನಿಮಾ ಬಂತು. ಭಾರತದ್ದೇ ಇನ್ನೊಂದು ಭಾಷೆಯದು. ಕಥೆ ಹೊಸದೇನಲ್ಲ. ನೂರಾರು ವರ್ಷ ನಾಟಕವಾಗಿ, ಹಾಡಾಗಿ ಲೋಕ ಸುತ್ತಿದ ಅದೇ ಕಥೆ. ಹಗೆ ಸಾಧಿಸುವ ಎರಡು ಮನೆತನ, ಒಂದರ ಮಗ, ಇನ್ನೊಂದರ ಮಗಳು, ಗುಟ್ಟಿನ ಮದುವೆ, ತಲುಪಬೇಕಾದವನಿಗೆ ತಲುಪದೆ ಹೋದ ಒಂದು ಸುದ್ದಿ, ಕೊನೆಗೆ ಎರಡು ಹೆಣ. ನಿರ್ದೇಶಕ ಅದನ್ನು ಮರ ಕೊಯ್ಯುವ ಎರಡು ಸಾಮಿಲ್ಲುಗಳ ನಡುವೆ ತಂದಿಟ್ಟಿದ್ದ. ಕೊನೆಯಲ್ಲಿ ಅವನದೇ ಒಂದು ಬದಲಾವಣೆ ಇತ್ತು. ಹುಡುಗಿಯ ಉಸಿರು ಹೋಗುವ ಮೊದಲು ಅಪ್ಪ ಓಡಿ ಬರುತ್ತಾನೆ. ಅವಳು ಅವನ ಮುಖ ನೋಡಿ ಒಂದೇ ಒಂದು ಮಾತು ಹೇಳಿ ಕಣ್ಣು ಮುಚ್ಚುತ್ತಾಳೆ. ನಾನು ಬಾಯಿಗೆ ಹೊಂದಿಸಿ ಬರೆದೆ: "ನಾನು ತಪ್ಪು ಮಾಡಿಲ್ಲ ಅಪ್ಪ." ಮೂರು ಕಡೆ ತುಟಿ ಮುಚ್ಚುತ್ತದೆ, ಮೂರೂ ಕಡೆ ಸರಿಯಾಗಿ ಬಿದ್ದಿತ್ತು. ಬೆನ್ನು ತಟ್ಟಿಕೊಂಡೆ.

ಅಕ್ಕ ಆ ಸಾಲು ಓದಿ ಹಾಳೆಯನ್ನು ತುಂಬ ಹೊತ್ತು ಕೈಯಲ್ಲೇ ಇಟ್ಟುಕೊಂಡಳು. ಗದ್ದಲದ ದೃಶ್ಯಗಳ ಸರದಿ ಮೊದಲು ಬಂತು. ಸಾಮಿಲ್ಲಿನ ಮುಂದೆ ಕೂಲಿಗಳ ಗುಂಪು. ಅಲ್ಲಿ ಅಕ್ಕ ಎಂದಿನಂತೆ ಊಟದ ಮಾತು ಕೇಳಲಿಲ್ಲ. "ಪುಟ್ಟಿ, ಕೊನೇ ಮಾತು ನನ್ನದು ಅಂತ ತಿಳ್ಕೋ," ಎಂದಳು. ನಾಲ್ಕು ವರ್ಷದಿಂದ ಮಗಳಿಗೆ ಹೇಳಲಾಗದ್ದನ್ನು ನಾಯಕಿಯ ಬಾಯಿಂದ, ಇಡೀ ಊರಿನ ಎದುರಿಗೆ, ಹೇಳಿಬಿಡಬೇಕೆಂದು ಅವಳ ಲೆಕ್ಕ. ಅಪ್ಪ ಎಂದು ಕರೆಯುವುದು ನಾಯಕಿಯಾದರೂ, ನೀನು ತಪ್ಪು ಮಾಡಿಲ್ಲ ಎಂದು ಪುಟ್ಟಿಗೆ ಅಮ್ಮ ಹೇಳಿದಂತಾಗುತ್ತಿತ್ತು.

ಕೊನೆಯ ದೃಶ್ಯದ ಮಾತು ಹಿಡಿಯುವ ದಿನ ಸಾಹುಕಾರ ಬಂದ. ನಮ್ಮ ಭಾಷೆಗೆ ಸಿನಿಮಾ ತರುವ ಹಕ್ಕು ಕೊಂಡವನು ಅವನು. ಗಾಜಿನ ಆಚೆ ಕಾಲ ಮೇಲೆ ಕಾಲು ಹಾಕಿ ಕೂತು ನೋಡಿದ. ಆ ಸಾಲು ಬೇಡ ಎಂದ. ಮನೆಮಂದಿಯೆಲ್ಲ ಕೂತು ನೋಡುವ ಸಿನಿಮಾವಂತೆ. ಹುಡುಗಿ ಸತ್ತರೆ ಜನ ಅತ್ತು ಹೋಗುತ್ತಾರೆ. ಆದರೆ ತಪ್ಪೇ ಮಾಡಿಲ್ಲ ಎಂದು ಹೇಳಿ ಸತ್ತರೆ ಅಪ್ಪಂದಿರಿಗೆ ಮುಜುಗರವಾಗುತ್ತದೆ. ಅವಳು ಅಪ್ಪನ ಕ್ಷಮೆ ಕೇಳಿ ಸಾಯಲಿ ಎಂದ.

ಯೋಚಿಸಿ ನೋಡಿ. ಪ್ರೀತಿಸಿದ್ದಕ್ಕೆ ಅವಳು ಸಾಯಬೇಕು. ಸಾಯುವುದೂ ಸಾಲದು, ತನ್ನನ್ನು ಸಾಯಿಸಿದವರಿಗೆ ಬೇಜಾರಾಗದಂತೆ ಕ್ಷಮೆಯನ್ನೂ ಕೇಳಬೇಕು. ಇದನ್ನೆಲ್ಲ ನಾನು ಅವತ್ತೇ ಅವನ ಮುಖಕ್ಕೆ ಹೇಳಿದೆ ಎಂದುಕೊಳ್ಳಬೇಡಿ. ಅವತ್ತು ನಾನು ಏನು ಮಾಡಿದೆ ಗೊತ್ತೇ? ಪೆನ್ನು ತೆಗೆದೆ. ಸವಾಲು ಹಾಕಿದರೆ ನನ್ನ ಕೈ ಸುಮ್ಮನಿರುವುದಿಲ್ಲ. ಅರ್ಧ ನಿಮಿಷದಲ್ಲಿ ಬರೆದು ಕೊಟ್ಟೆ: "ನಂದೇ ತಪ್ಪು, ಮನ್ನಿಸು ಅಪ್ಪ." ಅದೇ ಉದ್ದ, ಅದೇ ಮೂರು ಕಡೆ ತುಟಿ ಮುಚ್ಚುತ್ತದೆ. ಸಾಹುಕಾರ ಭೇಷ್ ಎಂದ. ನಾಚಿಕೆಗೆಟ್ಟ ನಾನು ನಕ್ಕೆ.

ಅಕ್ಕ ಹಾಳೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನಕ್ಕ ಬಾಯಿ ಅಲ್ಲೇ ಒಣಗಿತು. ಗದ್ದಲದ ದೃಶ್ಯದಲ್ಲಿ ಅವಳು ಪುಟ್ಟಿಗೆ ಹೇಳಿದ್ದ ಮಾತು ಆಗ ನನ್ನ ತಲೆಗೆ ಬಂತು.

"ಈ ಮಾತು ನಾನು ಹೇಳಲ್ಲ," ಎಂದಳು ಅಕ್ಕ. ಇಪ್ಪತ್ತಾರು ವರ್ಷದಲ್ಲಿ ಅವಳು ಒಂದು ಸಾಲನ್ನು ಹೇಳಲ್ಲ ಎಂದದ್ದು ಅದೇ ಮೊದಲು. ಸಾಹುಕಾರ ಮೊದಲು ನಕ್ಕ, ಆಮೇಲೆ ಗದರಿದ, ಇನ್ನೊಬ್ಬಳನ್ನು ಕರೆಸುತ್ತೇನೆಂದ. ಇಡೀ ಸಿನಿಮಾ ಒಂದು ಧ್ವನಿ, ಕೊನೆಯ ಸಾಲಿಗೆ ಇನ್ನೊಂದು ಧ್ವನಿ ಇಟ್ಟರೆ ಜನ ಕಲ್ಲು ಹೊಡೀತಾರೆ ಎಂದು ಅಕ್ಕ ತಣ್ಣಗೆ ಹೇಳಿದಳು. ಆಗ ನಾನೂ ಧೈರ್ಯ ತಂದುಕೊಂಡು, ಹಳೆಯ ಸಾಲೇ ಇರಲಿ ಎಂದೆ. ಸಾಹುಕಾರ ಕತ್ತರಿಯ ಮುಖ ನೋಡಿದ. ಕತ್ತರಿ ತಲೆಯಾಡಿಸಿದ. ಸರಿ, ನಿಮ್ಮಿಷ್ಟ, ಎಂದು ಸಾಹುಕಾರ ಎದ್ದು ಹೋದ. ನಾವು ಗೆದ್ದೆವು ಎಂದುಕೊಂಡೆವು. ಅಕ್ಕ ಬಳೆ ತೆಗೆದಿಟ್ಟು, ನಾನು ತಪ್ಪು ಮಾಡಿಲ್ಲ ಅಪ್ಪ, ಎಂದು ಹೇಳಿದ ರೀತಿ ಈಗಲೂ ನನ್ನ ಕಿವಿಯಲ್ಲಿದೆ. ಅದನ್ನು ಕೇಳಿದವರು ನಾವು ಮೂರೇ ಜನ.

ಸಿನಿಮಾ ಬಿಡುಗಡೆಯಾದ ದಿನ ಮೊದಲ ಆಟಕ್ಕೆ ನಾನೂ ಅಕ್ಕನೂ ಹೋದೆವು. ಅವಳು ತಾನು ಮಾತಾಡಿದ ಸಿನಿಮಾ ನೋಡುವವಳಲ್ಲ. ಆದರೆ ಅದೇ ಹೊತ್ತಿಗೆ ಅಲ್ಲಿ ಪುಟ್ಟಿಯೂ ನೋಡುತ್ತಿರುತ್ತಾಳೆ, ಜೊತೆಗೆ ನೋಡಿದ ಹಾಗಾಗುತ್ತದೆ ಎಂದಳು. ಗಂಡನಿಗೆ ಸ್ಟುಡಿಯೋದಲ್ಲಿ ಕೆಲಸವಿದೆ ಎಂದು ಹೇಳಿ ಬಂದಿದ್ದಳು. ಚೀಲ ತೊಡೆಯ ಮೇಲಿಟ್ಟುಕೊಂಡು ಕುರ್ಚಿಯ ಅಂಚಿನಲ್ಲಿ ಕೂತಿದ್ದಳು. ಕೂಲಿಗಳ ಗದ್ದಲದಲ್ಲಿ ಅವಳ ಧ್ವನಿ ಸಣ್ಣಗೆ ಕೇಳಿಸಿತು, ಕೊನೇ ಮಾತು ನನ್ನದು ಅಂತ ತಿಳ್ಕೋ. ಅಕ್ಕ ನನ್ನ ಕಡೆ ತಿರುಗಿ ಮುಗುಳ್ನಕ್ಕಳು.

ಕೊನೆಯ ದೃಶ್ಯ ಬಂತು. ಅಪ್ಪ ಓಡಿ ಬಂದ. ಹುಡುಗಿ ಕಣ್ಣು ತೆರೆದಳು. ಅಕ್ಕನ ಧ್ವನಿಯಲ್ಲೇ, ಅಕ್ಕ ಎಂದೂ ಹೇಳದ ಮಾತು ಹೇಳಿದಳು. ನಂದೇ ತಪ್ಪು, ಮನ್ನಿಸು ಅಪ್ಪ.

ಹೇಗಾಯಿತೆಂದು ನನಗೆ ತಕ್ಷಣ ಹೊಳೆಯಿತು. ಸ್ಟುಡಿಯೋದ ಗಾಜಿನ ಆಚೆಯ ಯಂತ್ರದಲ್ಲಿ ಅಕ್ಕನ ಇಷ್ಟು ವರ್ಷದ ಮಾತೆಲ್ಲ ಇತ್ತು. ಯಾವುದೋ ಸಿನಿಮಾದ ನಂದೇ ತಪ್ಪು, ಇನ್ಯಾವುದೋ ಸಿನಿಮಾದ ಮನ್ನಿಸು, ಇದೇ ಸಿನಿಮಾದ ಅಪ್ಪ. ಹರಿದ ಬಟ್ಟೆಗೆ ತೇಪೆ ಹಾಕಿದ ಹಾಗೆ ಕತ್ತರಿ ಅವನ್ನು ಸೇರಿಸಿ ಹಾಕಿದ್ದ. ಚೆನ್ನಾಗಿಯೇ ಹಾಕಿದ್ದ. ಸುತ್ತ ಜನ ಬಿಕ್ಕುತ್ತಿದ್ದರು. ಹಿಂದಿನ ಸಾಲಿನಲ್ಲಿ ಗಂಡಸೊಬ್ಬ ಮೂಗು ಸೀಟಿಕೊಳ್ಳುತ್ತ, ಕೊನೆಗಾದ್ರೂ ಬುದ್ಧಿ ಬಂತಲ್ಲ, ಎಂದ. ನಾನು ಎದ್ದು ಅವನ ಕಡೆ ತಿರುಗಿದೆ. ಅಕ್ಕ ನನ್ನ ಮಣಿಕಟ್ಟು ಹಿಡಿದಳು.

"ಬಸ್ ಸ್ಟ್ಯಾಂಡಿಗೆ ಹೋಗೋಣ," ಎಂದಳು.

ನಾನು ಪುಟ್ಟಿಗೆ ಫೋನು ಮಾಡಿದೆ. ಎತ್ತಲಿಲ್ಲ. ಬಸ್ಸಿನಲ್ಲಿ ಕೂತು ಕತ್ತರಿಗೆ ಮಾಡಿದೆ. ಬಾಯಿಗೆ ಬಂದ ಹಾಗೆ ಬೈದೆ. ಪುಟ್ಟಿಯ ವಿಷಯ ಗೊತ್ತಿದ್ದೂ ಹೇಗೆ ಕೈ ಬಂತು ನಿನಗೆ ಎಂದು ಕೇಳಿದೆ. ಅವನು ಪೂರ್ತಿ ಕೇಳಿಸಿಕೊಂಡು, "ಅಣ್ಣ, ಸಾಲು ಬರೆದವ್ರು ನೀವು. ನಾನು ಜೋಡಿಸ್ದೆ ಅಷ್ಟೆ," ಎಂದ. ಫೋನನ್ನು ಜೇಬಿಗೆ ಹಾಕಿದೆ. ಅಕ್ಕ ಪಕ್ಕದಲ್ಲಿ ಕೂತು ಇದನ್ನೆಲ್ಲ ಕೇಳಿಸಿಕೊಂಡಿದ್ದಳು. ನನ್ನನ್ನು ಬೈದಿದ್ದರೆ ಹಗುರವಾಗುತ್ತಿತ್ತು. ಅವಳು ಎರಡು ಗಂಟೆಯೂ ಕಿಟಕಿಯ ಹೊರಗೆ ನೋಡುತ್ತ, ತುಟಿಯಲ್ಲೇ ಏನನ್ನೋ ಹೇಳಿಕೊಳ್ಳುತ್ತಿದ್ದಳು. ಬಾಯಿ ಓದುವುದೇ ನನ್ನ ಕಸುಬು. ಓದಿದೆ. ಅದು ನಾನು ಹೇಳಿದ್ದಲ್ಲ ಪುಟ್ಟಿ, ಅದು ನಾನು ಹೇಳಿದ್ದಲ್ಲ.

ಪುಟ್ಟಿಯ ಮನೆ ಒಂದು ಮುದ್ರಣಾಲಯದ ಮೇಲಿನ ಎರಡು ಕೋಣೆ. ಮೆಟ್ಟಿಲು ಹತ್ತುವಾಗ ಕೆಳಗೆ ಯಂತ್ರ ದಡದಡ ಎನ್ನುತ್ತಿತ್ತು. ಬಾಗಿಲು ತೆರೆದವಳ ಕಣ್ಣು ಊದಿಕೊಂಡಿತ್ತು. ನಾಲ್ಕು ವರ್ಷದ ಮೇಲೆ ತಾಯಿ ಮಗಳು ಎದುರುಬದುರಾದರು. ಅಕ್ಕ ಹೊಸ್ತಿಲ ಹೊರಗೇ ನಿಂತು ಉಸಿರು ಬಿಡದೆ ಎಲ್ಲ ಹೇಳಿದಳು. ತಾನು ಹೇಳಿದ್ದು ಬೇರೆ, ಅವರು ಹಾಕಿದ್ದು ಬೇರೆ, ನಂಬು ಎಂದಳು. ಆ ಸಾಲು ಬರೆದ ಪಾಪಿ ನಾನೇ ಎಂದು ನಾನೂ ಒಪ್ಪಿಕೊಂಡೆ.

"ಗೊತ್ತು ಅಮ್ಮ," ಎಂದಳು ಪುಟ್ಟಿ. "ಮೊದಲು ಎದೆ ಒಡೆದೋಯ್ತು. ಆಮೇಲೆ ದಾರೀಲಿ ಬರ್ತಾ ಹೊಳೀತು. ಆ 'ನಂದೇ ತಪ್ಪು' ನೀನು ಐದು ವರ್ಷದ ಹಿಂದೆ ಹೇಳಿದ್ದು. ನಿನಗೆ ಅವತ್ತು ನೆಗಡಿ. ನಾನೇ ನಿನ್ನ ಜೊತೆ ಸ್ಟುಡಿಯೋಕ್ಕೆ ಬಂದಿದ್ದೆ. ನಿನ್ನ ಮೂಗು ಕಟ್ಟಿದ್ರೆ ನನಗೆ ಗೊತ್ತಾಗಲ್ವಾ?"

ಅಕ್ಕ ಬಾಗಿಲ ಚೌಕಟ್ಟು ಹಿಡಿದು ಕಣ್ಣು ಮುಚ್ಚಿಕೊಂಡಳು. ಅಲ್ಲಿಗೆ ಎಲ್ಲ ಸರಿಹೋಯಿತು, ಇನ್ನು ತಾಯಿ ಮಗಳು ತಬ್ಬಿಕೊಳ್ಳುತ್ತಾರೆ, ನಾನು ಕೆಳಗಿಳಿದು ಒಂದು ಚಹಾ ಕುಡಿಯಬಹುದು ಎಂದುಕೊಂಡೆ. ಸಿನಿಮಾ ನೋಡಿ ನೋಡಿ ನನಗೂ ಕೆಟ್ಟ ಅಭ್ಯಾಸ. ಪುಟ್ಟಿ ಬಾಗಿಲಿನಿಂದ ಕದಲಲಿಲ್ಲ.

"ಸಿನಿಮಾದೋರು ಒಂದು ಸಾಲು ಬದಲಾಯಿಸಿದ್ರು ಅಂತ ಎರಡು ಗಂಟೇಲಿ ಓಡಿ ಬಂದೆ," ಎಂದಳು. "ನಾಲ್ಕು ವರ್ಷ ಈ ಬಸ್ಸು ಇರ್ಲಿಲ್ವಾ ಅಮ್ಮ?"

ನಾನು ಮಧ್ಯೆ ಬಾಯಿ ಹಾಕಿ, ನಿಮ್ಮಪ್ಪ ಎಂಥವರು ಅಂತ ನಿನಗೆ ಗೊತ್ತಿಲ್ವಾ ಎಂದೆ. ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಇಪ್ಪತ್ತೊಂದು ಸಿನಿಮಾ, ಇವತ್ತಿಂದೂ ಸೇರಿ ಇಪ್ಪತ್ತೆರಡು. ಜನ ಹಾಡು ಕೇಳ್ತಿದ್ರೆ ನಾನು ಹಿಂದಿನ ಗಲಾಟೆ ಕೇಳ್ತಾ ಕೂತಿರ್ತಿದ್ದೆ. ಊಟ ಮಾಡಿದ್ಯಾ ಅಂತ ನೀನು ಕೇಳಿದ್ದು ಯಾರಿಗೂ ಕೇಳಿಸಲ್ಲ ಅನ್ನೋ ಧೈರ್ಯದ ಮೇಲೆ. ಇವತ್ತೂ ಅಷ್ಟೆ. ನಾನು ತಪ್ಪು ಮಾಡಿಲ್ಲ ಅಂತ ಹೇಳೋಕೆ ನಿನಗೆ ಒಬ್ಬ ಹೀರೋಯಿನ್ ಸಾಯ್ಬೇಕಾಯ್ತು. ಗಲಾಟೆ ಇಲ್ಲದ ಕಡೆ ಯಾವತ್ತು ಮಾತಾಡ್ತೀಯ?"

ಕೆಳಗೆ ಯಂತ್ರ ನಿಂತಿತ್ತು. ಇಷ್ಟು ಹೊತ್ತೂ ಸಾಹುಕಾರನ ಮೇಲೆ, ಕತ್ತರಿಯ ಮೇಲೆ, ಹಿಂದಿನ ಸಾಲಿನ ಗಂಡಸಿನ ಮೇಲೆ ಉರಿಯುತ್ತಿದ್ದ ನಾನು ಹೋಗಿ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಆ ಹುಡುಗಿ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಗುಟ್ಟಾಗಿ ಸಂದೇಶ ಸಾಗಿಸಿ ದೊಡ್ಡ ಉಪಕಾರ ಮಾಡಿದೆನೆಂದು ನಾಲ್ಕು ವರ್ಷ ಬೀಗಿದವನು ನಾನು. ಅಕ್ಕನನ್ನು ಒಂದು ದಿನ ಕೈಹಿಡಿದು ಬಸ್ಸು ಹತ್ತಿಸಿರಲಿಲ್ಲ.

ಅಕ್ಕ ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ.

"ಬಾಯಿ ಮುಚ್ಚು ಅಂದಿದ್ದು ಅವರು. ಮುಚ್ಚಿದ್ದು ನಾನು," ಎಂದಳು.

ಚೀಲದಿಂದ ತನ್ನ ಫೋನು ತೆಗೆದಳು. ಗಂಡ ಸಂಜೆ ಸಂಜೆ ತೆಗೆದು ನೋಡುವ ಅದೇ ಫೋನು. ಮನೆಗೆ ಮಾಡಿದಳು. ಅವನ ಗಡಸು ಧ್ವನಿ ಮೆಟ್ಟಿಲ ಮೇಲಿದ್ದ ನನಗೂ ಕೇಳಿಸಿತು. ಎಲ್ಲಿದ್ದೀಯ, ಮಧ್ಯಾಹ್ನ ಕಳೆಯಿತು, ನನ್ನ ಊಟ ಎಲ್ಲಿ ಎಂದು ಕೇಳುತ್ತಿದ್ದ. ಅಕ್ಕ ನಾಯಕಿಯ ಧ್ವನಿಯಲ್ಲಿ ಮಾತಾಡಲಿಲ್ಲ. ಐವತ್ತನಾಲ್ಕು ವರ್ಷದ, ಸ್ವಲ್ಪ ಒಡಕಾದ, ನಾನು ಎಂದೂ ಗಮನವಿಟ್ಟು ಕೇಳಿರದ ಅವಳದೇ ಧ್ವನಿಯಲ್ಲಿ ಮಾತಾಡಿದಳು.

"ಪುಟ್ಟಿ ಮನೇಲಿದೀನಿ ರೀ. ಅವಳನ್ನ ಕಳಿಸಿದ್ದು ನಾವು ಮಾಡಿದ ತಪ್ಪು. ಪೂರ್ತಿ ಹೇಳ್ತೀನಿ, ಕೇಳಿ."

ಅವನು ಫೋನು ಇಟ್ಟುಬಿಟ್ಟ. ಅಕ್ಕ ಮತ್ತೆ ಮಾಡಿದಳು. ಅವನು ಎತ್ತಿ, ಎರಡು ಮಾತು ಕಿರುಚಿ, ಮತ್ತೆ ಇಟ್ಟ. ಅವಳು ಕನ್ನಡಕ ಮೇಲೆ ಸರಿಸಿ ಮೂರನೇ ಸಲ ಮಾಡಿದಳು. ಈ ಸಲ ಅವನು ಎತ್ತಲೇ ಇಲ್ಲ. ಅವಳು ನಾಲ್ಕನೇ ಸಲ ಒತ್ತುವಾಗ ಪುಟ್ಟಿ ಒಳಗೆ ಹೋಗಿ ಒಂದು ಕುರ್ಚಿ ತಂದು ಅವಳ ಹಿಂದೆ ಇಟ್ಟಳು.